ಹಳೆಯ ಫೋಟೋಗಳಿಗೆ ಲ್ಯಾಮಿನೇಷನ್ ಬೇಡ: ಸ್ಪಷ್ಟನೆ

“ಅಜ್ಜ-ಮುತ್ತಜ್ಜರ ಫೋಟೋಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಲ್ಯಾಮಿನೇಷನ್ ಮಾಡಿಸಿದರೆ ನೂರು ವರ್ಷ ಕೆಡುವುದಿಲ್ಲ” ಎಂಬ ಸಂದೇಶ ಬಾಗಲಕೋಟೆಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಹಳೆಯ ಕಪ್ಪು-ಬಿಳುಪು ಫೋಟೋಗಳಲ್ಲಿ ಸಾಮಾನ್ಯವಾಗಿ ಚಿತ್ರವಿರುವುದು ಕಾಗದದಲ್ಲಲ್ಲ. ಅದರ ಮೇಲಿನ ಜೆಲಟಿನ್ ಪದರದಲ್ಲಿ ಹುದುಗಿದ ಬೆಳ್ಳಿಯ ಸೂಕ್ಷ್ಮ ಕಣಗಳಲ್ಲಿ. ನೀರು ತಾಗಿದರೆ ಆ ಪದರ ಉಬ್ಬಿ ಮೆತ್ತಗಾಗುತ್ತದೆ. ಒರೆಸಿದ ಬಟ್ಟೆಗೆ ಮುತ್ತಜ್ಜಿಯ ಮುಖವೇ ಅಂಟಿ ಬಂದೀತು! ಲ್ಯಾಮಿನೇಷನ್ನಿನ ಬಿಸಿ ಚಿತ್ರಕ್ಕೆ ಹಾನಿ ಮಾಡುತ್ತದೆ, ಅಂಟು ಒಮ್ಮೆ ಹಿಡಿದರೆ ಬಿಡಿಸಲಾಗದು.

ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಮನೆ, ಓಣಿಗಳ ಗುರುತು ಎಷ್ಟೋ ಕುಟುಂಬಗಳಿಗೆ ಇಂಥ ಫೋಟೋಗಳಲ್ಲೇ ಉಳಿದಿದೆ. ದಯವಿಟ್ಟು ಈ ಸಂದೇಶವನ್ನು ಮುಂದೆ ಕಳುಹಿಸಬೇಡಿ.

ಧೂಳನ್ನು ಒಣ ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ. ಆಮ್ಲರಹಿತ ಕಾಗದದ ಲಕೋಟೆಯಲ್ಲಿಟ್ಟು, ಬಿಸಿಲು, ತೇವ ತಾಗದ ಕಪಾಟಿನಲ್ಲಿಡಿ. ಕಟ್ಟಿನ ಗಾಜಿಗೆ ಅಂಟಿಕೊಂಡ ಫೋಟೋವನ್ನು ಕೀಳಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಸ್ಕ್ಯಾನ್‌ನ ಸ್ಪಷ್ಟತೆ 600 ಡಿಪಿಐ (ಇಂಚಿಗೆ 600 ಚುಕ್ಕಿ) ಇದ್ದರೆ ಒಳ್ಳೆಯದು. ಹಿಂಬದಿಯ ಸ್ಟುಡಿಯೋ ಮುದ್ರೆ, ಕೈಬರಹಗಳನ್ನೂ ಸ್ಕ್ಯಾನ್ ಮಾಡಿಸಿ. ವಂಶ ಹುಡುಕುವಾಗ ಊರು, ಕಾಲ ತಿಳಿಯುವುದು ಅಲ್ಲಿಂದಲೇ. ಊರೂರು ತಿರುಗಿ ಮನೆತನಗಳ ವಂಶಾವಳಿ ಹೇಳುವ ಹೆಳವರು ಮನೆಗೆ ಬಂದರೆ ನಿಮ್ಮ ವಂಶಾವಳಿ ಹೇಳಿಸಿ, ಆ ಹೆಸರುಗಳನ್ನು ಹಿರಿಯರಿಗೆ ಫೋಟೋ ತೋರಿಸಿ ಹೋಲಿಸಿಕೊಳ್ಳಿ. ಖಚಿತವಾದ ಹೆಸರನ್ನು ಫೋಟೋದ ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲ್‌ನಿಂದ ಹಗುರವಾಗಿ ಬರೆಯಿರಿ, ಪೆನ್ನಿನಿಂದ ಬೇಡ.