ರಾಫ್ಟಿಗೆ ಪಂಪ್ ಕೊಳ್ಳುವವರು ಮೊದಲು ನೋಡಬೇಕಾದದ್ದು

ಮಳೆಗಾಲ ಹತ್ತಿರವಾಗುತ್ತಿದ್ದಂತೆ ಕೊಡಗಿನ ದುಬಾರೆ ಮತ್ತು ಬರಪೊಳೆಯ ಕಡೆ ರಾಫ್ಟ್ ನಡೆಸುವವರು, ಕಾವೇರಿ ದಂಡೆಯಲ್ಲಿ ಹೋಂಸ್ಟೇ ಇಟ್ಟುಕೊಂಡವರು, ಪ್ರವಾಹದ ನೆನಪಿನಿಂದ ಊರಿಗೊಂದು ರಬ್ಬರ್ ದೋಣಿ ಇರಲಿ ಎಂದು ಹಣ ಕೂಡಿಸುತ್ತಿರುವ ಯುವಕರು, ಹೀಗೆ ಹಲವರು ಗಾಳಿ ತುಂಬುವ ಪಂಪ್ ಯಾವುದು ಒಳ್ಳೆಯದೆಂದು ವಿಚಾರಿಸುತ್ತಾರೆ. ಈ ವಿಷಯದಲ್ಲಿ ನನ್ನದು ಖಚಿತವಾದ ಅಭಿಪ್ರಾಯ. ಎಲ್ಲ ಕೆಲಸವನ್ನೂ ಒಂದೇ ಯಂತ್ರ ಮಾಡಬೇಕೆಂಬ ಆಸೆಯನ್ನು ಬಿಟ್ಟು, ಮೊದಲ ಹಣವನ್ನು ಒಂದು ಒಳ್ಳೆಯ ಕೈಪಂಪಿಗೂ ಒತ್ತಡ ಅಳೆಯುವ ಒಂದು ನಂಬಬಹುದಾದ ಗೇಜಿಗೂ ಹಾಕಬೇಕು. ಗಾಳಿ ಊದುವ ವಿದ್ಯುತ್ತಿನ ಬ್ಲೋವರ್ ಆ ನಂತರದ ಮಾತು.

ಪಂಪಿನ ಡಬ್ಬದ ಮೇಲೆ ದೊಡ್ಡ ಅಕ್ಷರಗಳಲ್ಲಿ 100 ಪಿಎಸ್‌ಐ, 150 ಪಿಎಸ್‌ಐ ಎಂದು (ಪಿಎಸ್‌ಐ ಎಂದರೆ ಗಾಳಿಯ ಒತ್ತಡದ ಅಳತೆ) ಅಚ್ಚಾಗಿರುವುದನ್ನು ಕಂಡು ಮರುಳಾಗುವವರೇ ಹೆಚ್ಚು. ಆ ಸಂಖ್ಯೆ ಟೈರಿಗೆ ಗಾಳಿ ಹಾಕುವ ಕಂಪ್ರೆಸರುಗಳದ್ದೇ ಹೊರತು ರಾಫ್ಟಿಗೆ ಬೇಕಾದದ್ದಲ್ಲ. ಹೊಳೆಯಲ್ಲಿ ಓಡುವ ರಾಫ್ಟಿಗೆ ಸಾಮಾನ್ಯವಾಗಿ ಎರಡರಿಂದ ಎರಡೂವರೆ ಪಿಎಸ್‌ಐ ಒತ್ತಡ ಸಾಕು. ಆದರೆ ಅದರೊಳಗೆ ಹಿಡಿಸುವ ಗಾಳಿಯ ಪ್ರಮಾಣ ಮಾತ್ರ ದೊಡ್ಡದು. 14 ಅಡಿ ಉದ್ದದ, ಸುಮಾರು 50 ಸೆಂಟಿಮೀಟರ್ ದಪ್ಪದ ಟ್ಯೂಬಿರುವ ರಾಫ್ಟೊಂದರ ಲೆಕ್ಕ ಹಾಕಿದರೆ, ಅಡ್ಡಪಟ್ಟಿ ಮತ್ತು ತಳ ಸೇರಿ ಅದು 2,000 ಲೀಟರನ್ನು ದಾಟುತ್ತದೆ, ಎಂದರೆ ಮನೆಯ ಮೇಲಿಡುವ ಸಾವಿರ ಲೀಟರಿನ ಎರಡು ನೀರಿನ ಟ್ಯಾಂಕುಗಳಿಗಿಂತಲೂ ಹೆಚ್ಚು. ಟೈರಿಗೆ ಗಾಳಿ ಹಾಕುವ ಸಣ್ಣ 12 ವೋಲ್ಟಿನ ಕಂಪ್ರೆಸರ್ ನಿಮಿಷಕ್ಕೆ 35 ಲೀಟರ್ ಗಾಳಿ ಕೊಡುತ್ತದೆಂದು ಹಿಡಿದರೂ ಇಷ್ಟನ್ನು ತುಂಬಲು ಒಂದು ಗಂಟೆಗೂ ಹೆಚ್ಚು ಹೊತ್ತು ಬೇಕು. ಅಷ್ಟು ಹೊತ್ತು ಬಿಡುವಿಲ್ಲದೆ ಓಡುವ ತಾಕತ್ತು ಅದರ ಮೋಟಾರಿಗೆ ಇರುವುದಿಲ್ಲ. ಆದ್ದರಿಂದ ಡಬ್ಬದ ಮೇಲೆ ಮೊದಲು ಹುಡುಕಬೇಕಾದದ್ದು ನಿಮಿಷಕ್ಕೆ ಎಷ್ಟು ಲೀಟರ್ ಎಂಬುದನ್ನು. ಅದರ ಜೊತೆಗೆ, ಆ ಲೀಟರುಗಳು ಯಾವ ಒತ್ತಡದಲ್ಲಿ ಸಿಗುತ್ತವೆ ಎಂದೂ ಕೇಳಬೇಕು, ಏಕೆಂದರೆ ತಯಾರಕರು ಹೇಳುವ ದೊಡ್ಡ ಅಂಕಿ ಸಾಮಾನ್ಯವಾಗಿ ಎದುರೊತ್ತಡವೇ ಇಲ್ಲದಾಗಿನ ಅಂಕಿ.

ರಾಫ್ಟು ಮುದ್ದೆಯಾಗಿ ಬಿದ್ದಿರುವ ಸ್ಥಿತಿಯಿಂದ ತನ್ನ ಪೂರ್ಣ ಆಕಾರಕ್ಕೆ ಬರುವವರೆಗೆ ಒಳಗೆ ಒತ್ತಡವೆಂಬುದು ಹೆಚ್ಚುಕಡಿಮೆ ಇರುವುದೇ ಇಲ್ಲ. ಆಕಾರ ಬಂದ ಮೇಲೆ ಅದನ್ನು ಗಟ್ಟಿ ಮಾಡಲು ಇನ್ನೆಷ್ಟು ಗಾಳಿ ಬೇಕು? ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ 14.7 ಪಿಎಸ್‌ಐ. 1,100 ಮೀಟರಿಗೂ ಎತ್ತರದಲ್ಲಿರುವ ಮಡಿಕೇರಿಯಲ್ಲಿ ಅದು 13ರ ಆಸುಪಾಸಿನಲ್ಲಿರುತ್ತದೆ. ಅದರ ಮೇಲೆ ಎರಡೂವರೆ ಪಿಎಸ್‌ಐ ಏರಿಸುವುದೆಂದರೆ, ಆಗಲೇ ತುಂಬಿರುವ ಗಾಳಿಯ ಐದನೇ ಒಂದು ಪಾಲಿಗಿಂತಲೂ ಕಡಿಮೆ ಗಾಳಿಯನ್ನು ಸೇರಿಸಿದರೆ ಸಾಕೆಂದಾಯಿತು. ಹೀಗೆ ಕೆಲಸದ ಬಹುಪಾಲು ಒತ್ತಡ ಬೇಡದ, ಬರಿಯ ಪ್ರಮಾಣ ಬೇಡುವ ಕೆಲಸ, ಕೊನೆಯ ಸಣ್ಣ ಪಾಲು ಮಾತ್ರ ಒತ್ತಡದ ಕೆಲಸ. ನಿಮಿಷಕ್ಕೆ 1,000 ಲೀಟರ್ ಊದಬಲ್ಲ, ಆದರೆ ಅರ್ಧ ಪಿಎಸ್‌ಐ ದಾಟದ ಅಗ್ಗದ ಬ್ಲೋವರ್ ಮೂರು ನಿಮಿಷದೊಳಗೆ ರಾಫ್ಟನ್ನು ಎಬ್ಬಿಸಿ ನಿಲ್ಲಿಸುತ್ತದೆ, ಉಳಿದದ್ದನ್ನು ಕೈಪಂಪ್ ನೋಡಿಕೊಳ್ಳುತ್ತದೆ. ಈ ಎರಡನ್ನೂ ತಾನೊಬ್ಬನೇ ಮಾಡುತ್ತೇನೆಂದು ಹೇಳಿಕೊಳ್ಳುವ ದುಬಾರಿ ಯಂತ್ರಗಳೂ ಇವೆ. ಅವು ಕೆಲಸ ಮಾಡುವುದಿಲ್ಲವೆಂದು ನಾನು ಹೇಳುತ್ತಿಲ್ಲ, ಆದರೆ ಅದೊಂದು ಕೆಟ್ಟರೆ ಇಡೀ ದಿನದ ಕೆಲಸ ನಿಲ್ಲುತ್ತದೆ.

ತೋಟದಲ್ಲಿ ತರಗೆಲೆ ಹಾರಿಸುವ ಬ್ಲೋವರನ್ನೇ ಈ ಮೊದಲ ಹಂತಕ್ಕೆ ಬಳಸಬಹುದೇ ಎಂದು ಕೇಳುವವರಿದ್ದಾರೆ. ಬಾಯಿಗೆ ಸರಿಯಾದ ಅಡಾಪ್ಟರ್ ಸಿಕ್ಕರೆ ಖಂಡಿತ ಬಳಸಬಹುದು. ಪೆಟ್ರೋಲಿನದ್ದಾದರೆ ಅದರ ಬಿಸಿ ಹೊಗೆಯ ಬಾಯಿ ರಬ್ಬರಿನತ್ತ ತಿರುಗದಂತೆ ನೋಡಿಕೊಳ್ಳಬೇಕು, ಅಷ್ಟೇ.

ಕೈಪಂಪಿನ ಆಯ್ಕೆಯಲ್ಲಿ ಜನ ಸಾಮಾನ್ಯವಾಗಿ ಗಮನಿಸದ ಒಂದು ಅಂಶವೆಂದರೆ ಪಿಸ್ಟನ್ ಓಡುವ ಕೊಳವೆಯ ಅಗಲ. ಅಗಲವಾದ ಪಂಪ್ ಒಂದು ಒತ್ತಿಗೆ ನಾಲ್ಕೈದು ಲೀಟರ್ ಗಾಳಿ ತಳ್ಳುತ್ತದೆ, ಆದರೆ ಒತ್ತಡ ಏರಿದಂತೆ ಅದನ್ನು ಒತ್ತುವ ಭಾರವೂ ಅದರ ಅಗಲಕ್ಕೆ ತಕ್ಕಂತೆ ಏರುತ್ತದೆ. 12 ಸೆಂಟಿಮೀಟರ್ ವ್ಯಾಸದ ಪಿಸ್ಟನ್ನಿನಿಂದ ಎರಡೂವರೆ ಪಿಎಸ್‌ಐ ಮುಟ್ಟಿಸಲು ಸುಮಾರು 20 ಕಿಲೊ ಭಾರ ಹಾಕಬೇಕು, ಇದನ್ನು ಯಾರು ಬೇಕಾದರೂ ಮಾಡಬಹುದು. ಅದೇ ಪಂಪಿನಿಂದ ನಿಂತು ಹುಟ್ಟು ಹಾಕುವ ಪ್ಯಾಡಲ್ ಬೋರ್ಡಿಗೆ 15 ಪಿಎಸ್‌ಐ ತುಂಬಲು ಹೊರಟರೆ 120 ಕಿಲೊ ಭಾರ ಬೇಕಾಗುತ್ತದೆ, ಅಂದರೆ ಪಂಪಿನ ಮೇಲೆ ಹತ್ತಿ ಕುಣಿದರೂ ಆಗದು. 5 ಸೆಂಟಿಮೀಟರಿನ ಸಪೂರ ಪಂಪಿನಲ್ಲಿ ಅದೇ 15 ಪಿಎಸ್‌ಐ ಮತ್ತೆ 20 ಕಿಲೊ ಭಾರಕ್ಕೇ ಸಿಗುತ್ತದೆ. ಆದ್ದರಿಂದ ರಾಫ್ಟಿಗೆ ಅಗಲದ ಪಂಪ್, ಬೋರ್ಡಿಗೆ ಸಪೂರ ಪಂಪ್. ಒತ್ತುವಾಗಲೂ ಎಳೆಯುವಾಗಲೂ ಗಾಳಿ ಕೊಡುವ ಪಂಪುಗಳಲ್ಲಿ ಒತ್ತಡ ಏರಿದ ಕೊನೆಯ ಹಂತಕ್ಕೆ ಎಳೆತದ ಗಾಳಿಯನ್ನು ನಿಲ್ಲಿಸಿ, ಒತ್ತುವಾಗ ಮಾತ್ರ ಗಾಳಿ ಕೊಡುವಂತೆ ಮಾಡುವ ಸೌಲಭ್ಯವಿದೆಯೇ ಎಂದು ನೋಡಿ. ಕಾಲಿನಿಂದ ತುಳಿಯುವ ಪ್ಲಾಸ್ಟಿಕ್ ಪಂಪುಗಳ ಬಗ್ಗೆ ಹೇಳಲು ನನ್ನ ಬಳಿ ಒಳ್ಳೆಯ ಮಾತು ಏನೂ ಇಲ್ಲ, ಕೆಸರಿನಲ್ಲಿ ಅವು ಒಂದು ಹಂಗಾಮು ಬಾಳಿದರೆ ಹೆಚ್ಚು.

ಕೈಪಂಪಿಗೆ ನಾನು ಇಷ್ಟೊಂದು ಬೆಲೆ ಕೊಡುವುದಕ್ಕೆ ಕೊಡಗಿನ ಮಳೆಯೇ ಮುಖ್ಯ ಕಾರಣ. ಬರಪೊಳೆಯಲ್ಲಿ ರಾಫ್ಟ್ ಇಳಿಯುವುದೇ ಮಳೆಗಾಲದಲ್ಲಿ. ಮರ ಬಿದ್ದು ತಂತಿ ತುಂಡಾಗಿ, ಮನೆಯಲ್ಲಿ ಕರೆಂಟಿಲ್ಲದೆ ದಿನಗಳೇ ಉರುಳುವುದು ದಕ್ಷಿಣ ಕೊಡಗಿನವರಿಗೆ ಹೊಸದಲ್ಲ. ಕರೆಂಟಿರುವಾಗಲೂ ಲೈನಿನ ಕೊನೆಯಲ್ಲಿರುವ ತೋಟದ ಮನೆಗಳಿಗೆ ವೋಲ್ಟೇಜ್ ಪೂರ್ತಿ ಬರುವುದು ಅಪರೂಪ. ಜೀಪಿನ ಬ್ಯಾಟರಿಯಿಂದ ಓಡುವ 12 ವೋಲ್ಟಿನ ಬ್ಲೋವರ್ ಇಲ್ಲಿ ಒಳ್ಳೆಯ ಆಯ್ಕೆಯೇ. ಆದರೆ ಹೆಚ್ಚು ಗಾಳಿ ಊದುವ ಮಾದರಿಗಳನ್ನು ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಹಾಕಿದರೆ ಫ್ಯೂಸ್ ಹೋಗುತ್ತದೆ, ಅವುಗಳನ್ನು ಕ್ಲಿಪ್ಪಿನಿಂದ ನೇರವಾಗಿ ಬ್ಯಾಟರಿಗೇ ಕೊಡಬೇಕು. 2018 ಮತ್ತು 2019ರ ಆಗಸ್ಟಿನಲ್ಲಿ ಕುಶಾಲನಗರದ ಬಡಾವಣೆಗಳಿಗೂ ಕರಡಿಗೋಡು, ನೆಲ್ಯಹುದಿಕೇರಿಯಂತಹ ಕಡೆಗಳಿಗೂ ಕಾವೇರಿ ನುಗ್ಗಿದ್ದನ್ನು ನೆನೆದರೆ, ಗಾಳಿ ತುಂಬಬೇಕಾದ ದೋಣಿಯನ್ನು ಇಟ್ಟುಕೊಂಡು ಕರೆಂಟಿಗೆ ಕಾಯುವುದು ಎಂಥ ವ್ಯವಸ್ಥೆಯೆಂದು ಯಾರಿಗಾದರೂ ಅನಿಸೀತು. ಊರಿನ ದೋಣಿಗೆ ಹಣ ಕೂಡಿಸುತ್ತಿರುವವರಿಗೆ ನಾನು ಹೇಳುವುದು, ದೋಣಿಯೊಂದಕ್ಕೆ ಎರಡು ಕೈಪಂಪ್ ಇರಲಿ ಎಂದು.

ಇನ್ನು ಗೇಜ್. ಪಂಪಿಗೇ ಅಂಟಿಕೊಂಡು ಬರುವ, ಸೊನ್ನೆಯಿಂದ 100ರವರೆಗೆ ಗೆರೆಗಳಿರುವ ಗೇಜಿನಲ್ಲಿ ಎರಡೂವರೆ ಪಿಎಸ್‌ಐ ಎಂಬುದು ಮುಳ್ಳು ಅಲುಗಿತೋ ಇಲ್ಲವೋ ಎನ್ನುವಷ್ಟೇ. ಅದೂ ಅಲ್ಲದೆ, ಪಂಪ್ ಓಡುತ್ತಿರುವಾಗ ಅದು ತೋರಿಸುವುದು ಪೈಪಿನೊಳಗಿನ ಒತ್ತಡವನ್ನು, ಟ್ಯೂಬಿನದ್ದನ್ನಲ್ಲ. ಸೊನ್ನೆಯಿಂದ ಐದು ಅಥವಾ ಹೆಚ್ಚೆಂದರೆ 15ರವರೆಗಿನ, ನೇರವಾಗಿ ವಾಲ್ವಿಗೆ ಇಟ್ಟು ನೋಡುವ ಗೇಜನ್ನೇ ಬೇರೆಯಾಗಿ ಕೊಳ್ಳಬೇಕು. ದೋಣಿಯ ಮೇಲೆ 240 ಮಿಲಿಬಾರ್ ಎಂದು ಬರೆದಿದ್ದರೆ ಅದು ಸುಮಾರು ಮೂರೂವರೆ ಪಿಎಸ್‌ಐ. ಈ ಗೇಜ್ ಎಷ್ಟು ಅಗತ್ಯವೆಂದು ತಿಳಿಯಬೇಕಾದರೆ ಬಿಸಿಲಿನ ಲೆಕ್ಕವನ್ನು ನೋಡಬೇಕು. ಬೆಳಗಿನ 15 ಡಿಗ್ರಿ ಚಳಿಯಲ್ಲಿ ಎರಡೂವರೆಗೆ ತುಂಬಿದ ರಾಫ್ಟನ್ನು ಜೀಪಿನ ಮೇಲೆ ಕಟ್ಟಿ ಬಿಸಿಲಲ್ಲಿ ನಿಲ್ಲಿಸಿದಾಗ ಒಳಗಿನ ಗಾಳಿ 45 ಡಿಗ್ರಿಗೆ ಕಾಯ್ದರೆ, ಟ್ಯೂಬು ಹಿಗ್ಗದೆ ಹಾಗೆಯೇ ಇದೆಯೆಂದು ಹಿಡಿದಲ್ಲಿ, ಒತ್ತಡ ನಾಲ್ಕನ್ನು ದಾಟುತ್ತದೆ. ಹೊಲಿಗೆ, ಅಂಟು ಬಿಡುವುದು ಇಂತಹ ಹೊತ್ತಿನಲ್ಲಿಯೇ. ಇದಕ್ಕೆ ವಿರುದ್ಧವಾಗಿ, 35 ಡಿಗ್ರಿಯ ಗಾಳಿ ಹೊಳೆಯ ತಣ್ಣೀರಿನಲ್ಲಿ 20ಕ್ಕೆ ಇಳಿದರೆ ಮುಕ್ಕಾಲು ಪಿಎಸ್‌ಐನಷ್ಟು ಒತ್ತಡ ಕಳೆದುಹೋಗುತ್ತದೆ. ಮೆತ್ತಗಾದ ರಾಫ್ಟು ಸುಳಿಯಲ್ಲಿ ನಡುವೆ ಮಡಚಿಕೊಳ್ಳುತ್ತದೆ, ಬಂಡೆಗೆ ಸುತ್ತಿಕೊಳ್ಳುತ್ತದೆ. ನೀರಿಗೆ ಇಳಿಸಿದ ಮೇಲೆ ಮತ್ತೊಮ್ಮೆ ಗಾಳಿ ನೋಡಿ ನಾಲ್ಕು ಒತ್ತು ಹಾಕುವುದಕ್ಕಾಗಿಯೇ ಕೈಪಂಪ್ ಹೊಳೆಯ ದಡದವರೆಗೆ ಬರಬೇಕು. ಪಂಚರ್ ಅಂಗಡಿಯ ಕಂಪ್ರೆಸರಿಗೆ ಪೈಪು ಸಿಕ್ಕಿಸುವವರನ್ನು ನಾನು ಕಂಡಿದ್ದೇನೆ. 100 ಪಿಎಸ್‌ಐ ಮೀರಿದ ಆ ಟ್ಯಾಂಕಿನ ಗಾಳಿಯನ್ನು ಎರಡೂವರೆಯಲ್ಲಿ ನಿಲ್ಲಿಸುವುದು ಕೇವಲ ಹಿಡಿದವನ ಕೈಯ ಚುರುಕಿಗೆ ಬಿಟ್ಟದ್ದು, ಅದನ್ನು ನಾನಂತೂ ಒಪ್ಪುವುದಿಲ್ಲ.

ರಾಫ್ಟಿನ ಟ್ಯೂಬು ಒಳಗೆ ತಡಿಕೆಗಳಿಂದ ಬೇರೆ ಬೇರೆ ಕೋಣೆಗಳಾಗಿರುತ್ತದೆ; ಗಾಳಿ ತುಂಬುವಾಗ ಒಂದು ಕೋಣೆಯನ್ನು ಪೂರ್ತಿ ಬಿಗಿ ಮಾಡಿ ಮುಂದಿನದಕ್ಕೆ ಹೋಗಬಾರದು. ಎಲ್ಲ ಕೋಣೆಗಳನ್ನೂ ಮೊದಲು ಅರೆಬರೆ ತುಂಬಿ, ನಂತರ ಸರದಿಯಂತೆ ಬಿಗಿಗೊಳಿಸಿದರೆ ಒಳಗಿನ ತಡಿಕೆಗಳ ಮೇಲೆ ಒಂದೇ ಕಡೆಯ ಒತ್ತಡ ಬೀಳುವುದಿಲ್ಲ.

ಮಕ್ಕಳು ಕುಣಿಯುವ ಗಾಳಿಯ ಕೋಟೆ, ಸಮಾರಂಭದ ಸ್ವಾಗತ ಕಮಾನುಗಳದ್ದು ಬೇರೆಯೇ ವಿಷಯ. ಅವುಗಳ ಹೊಲಿಗೆಯಿಂದ ಗಾಳಿ ಸದಾ ಸೋರುತ್ತಲೇ ಇರುವುದರಿಂದ ಬ್ಲೋವರ್ ಬಿಡದೆ ಓಡುತ್ತಿರಬೇಕು. ಒಂದು ಅಥವಾ ಒಂದೂವರೆ ಎಚ್‌ಪಿಯ ಮೋಟಾರು ಹೊರಡುವಾಗ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಬೆಟ್ಟದ ತೆಳುಗಾಳಿಯಲ್ಲಿ ಪೆಟ್ರೋಲ್ ಜನರೇಟರಿನ ಶಕ್ತಿ ಸುಮಾರು ಹತ್ತನೇ ಒಂದರಷ್ಟು ಕುಗ್ಗುತ್ತದೆ ಎಂಬುದನ್ನೂ ಸೇರಿಸಿಕೊಂಡು ಜನರೇಟರನ್ನು ಆರಿಸಬೇಕು. ಎಕ್ಸ್‌ಟೆನ್ಷನ್ ವೈರ್ ಎರಡೂವರೆ ಚದರ ಮಿಲಿಮೀಟರಿಗಿಂತ ತೆಳುವಾಗಿದ್ದರೆ ಉದ್ದವಾದಷ್ಟೂ ವೋಲ್ಟೇಜ್ ಬಿದ್ದು ಮೋಟಾರು ಕಾಯುತ್ತದೆ.

ಕೊನೆಗೆ, ಅಂಗಡಿಗೆ ಹೋಗುವ ಮೊದಲು ನಿಮ್ಮ ದೋಣಿಯ ವಾಲ್ವಿನ ಫೋಟೊ ತೆಗೆದುಕೊಂಡು ಹೋಗಿ. ರಾಫ್ಟುಗಳಲ್ಲಿ ಲೀಫೀಲ್ಡ್, ಹಾಲ್ಕಿ ರಾಬರ್ಟ್ಸ್ ವಾಲ್ವುಗಳೂ, ಅಗ್ಗದ ದೋಣಿಗಳಲ್ಲಿ ಬೋಸ್ಟನ್ ವಾಲ್ವೂ ಸಾಮಾನ್ಯ, ಒಂದರ ಅಡಾಪ್ಟರ್ ಇನ್ನೊಂದಕ್ಕೆ ಕೂರುವುದಿಲ್ಲ. ವಾಷರ್ ಬಿಡಿಯಾಗಿ ಸಿಗುತ್ತದೆಯೇ, ಪಂಪನ್ನು ಬಿಚ್ಚಿ ಸಿಲಿಕೋನ್ ಗ್ರೀಸ್ ಹಚ್ಚಲು ಬರುತ್ತದೆಯೇ, ಪೈಪು ಚಳಿಯಲ್ಲಿಯೂ ಬಗ್ಗುತ್ತದೆಯೇ ಎಂದು ಅಲ್ಲಿಯೇ ಕೈಯಾರೆ ನೋಡಿ. ಪಂಪಿನ ಗಾಳಿ ಬರುವ ಬಾಯಿಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ ಒತ್ತಿದಾಗ ಹಿಡಿ ಎದುರು ನಿಲ್ಲದೆ ಸರಾಗವಾಗಿ ಕೆಳಗಿಳಿದರೆ, ಆ ಪಂಪನ್ನು ಅಲ್ಲಿಯೇ ಬಿಟ್ಟು ಬನ್ನಿ.