ಹವಳ ಮಲೆನಾಡಿಗೂ ಸಂಬಂಧಪಟ್ಟದ್ದೇ

ಹವಳದ ದಿಬ್ಬಗಳ ಅಧ್ಯಯನ ಮಾಡುವ 'ತಾರಾ' ಹಾಯಿಹಡಗಿನ ಬಗ್ಗೆ ನೀವು ಲೇಖನ ಬರೆದದ್ದು ನೋಡಿ ತುಂಬಾ ಖುಷಿಯಾಯಿತು. 'ಘಟ್ಟದ ಮೇಲಿನವರಿಗೆ ಇದೆಲ್ಲ ಯಾಕೆ?' ಎಂದು ಅದನ್ನು ಓದಿದ ಒಬ್ಬರು ಕೇಳಿದ್ದಾರೆ. ನಾನು ತೀರ್ಥಹಳ್ಳಿಯವಳು. ನಮ್ಮ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ, ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ. ದೂರದ ಮಾತೇನಲ್ಲ, ಅಲ್ವಾ?

ಹವಳ ಕಲ್ಲಲ್ಲ, ಜೀವಿ. ಅದರ ಮೈಯೊಳಗೆ ಸಣ್ಣ ಪಾಚಿ ಇರುತ್ತದೆ. ಬಿಸಿಲಲ್ಲಿ ಆಹಾರ ತಯಾರಿಸಿ ಹವಳಕ್ಕೆ ಕೊಡುವುದು ಅದೇ. ಬೇಸಿಗೆಯ ಮಾಮೂಲಿ ಬಿಸಿಗಿಂತ ನೀರು ಒಂದು ಡಿಗ್ರಿ ಜಾಸ್ತಿ ಕಾದು ಕೆಲವು ವಾರ ಹಾಗೇ ಇದ್ದರೆ ಸಾಕು, ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬೇಗ ತಣ್ಣಗಾದರೆ ಚೇತರಿಸಿಕೊಳ್ಳಬಹುದು. ಇಲ್ಲದಿದ್ದರೆ ಹಸಿದು ಸಾಯುತ್ತದೆ. ನಮ್ಮ ಲಕ್ಷದ್ವೀಪದಲ್ಲೇ 1998, 2010, 2016ರಲ್ಲಿ ಹೀಗಾಯಿತು. 2024ರಲ್ಲಿ ಮತ್ತೆ ಆಯಿತು. ಎಷ್ಟು ಸಂಕಟದ ಸಂಗತಿ!

36 ಮೀಟರ್ ಉದ್ದದ ತಾರಾ 2016ರಿಂದ 2018ರವರೆಗೆ ಪೆಸಿಫಿಕ್ ಸುತ್ತಿ ಹವಳದ ಮಾದರಿಗಳನ್ನು ತಂದಿತು. ಯಾವ ಹವಳ ಬಿಸಿ ತಡೆದುಕೊಳ್ಳುತ್ತದೆ ಎಂದು ತಿಳಿಯಲು ಇಂಥ ಕೆಲಸ ಬೇಕೇ ಬೇಕು. ಇದನ್ನು ಸುಮ್ನೆ ಖರ್ಚು ಎನ್ನಬೇಡಿ. ನೇತ್ರಾಣಿಯ ಬಗ್ಗೆಯೂ ಒಂದು ಲೇಖನ ದಯವಿಟ್ಟು ಬರೆಯಿರಿ.