ಬಾನ್ಸ್ಕೊಗೆ ಹೋದವರು ಹಳೇ ಊರು ನೋಡದೆ ಬರಬೇಡಿ

ಬಲ್ಗೇರಿಯಾದ ಬಾನ್ಸ್ಕೊ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಸ್ಕೀ ಮಾಡೋಕೆ ಹೋಗಿದ್ರಾ?" ಹಿಮದ ಮೇಲೆ ಜಾರುವ ಸ್ಕೀ ಆಟಕ್ಕೆ ಕಡಿಮೆ ಖರ್ಚಿನ ಊರು ಅಂತ ಅದು ಹೆಸರು ಮಾಡಿದೆ, ನಿಜ. ಆದರೆ ಪಿರಿನ್ ಬೆಟ್ಟದ ಬುಡದ ಈ ಊರಿಗೆ ಬರೀ ಹಿಮಕ್ಕಾಗಿ ಹೋಗಿಬಂದರೆ ತುಂಬಾ ಕಳೆದುಕೊಳ್ಳುತ್ತೀರಿ.

ಕೇಬಲ್ ಕಾರ್ ನಿಲ್ದಾಣದ ಸುತ್ತ ಬರೀ ಹೋಟೆಲ್, ಅಪಾರ್ಟ್‌ಮೆಂಟ್. ಅಲ್ಲಿಂದ ಹಳೇ ಊರಿನ ಕಡೆ ನಡೆದೇ ಹೋಗಿ. ಕಲ್ಲು ಹಾಸಿದ ಓಣಿಗಳು, ಆಳೆತ್ತರ ಮೀರಿದ ಕಲ್ಲಿನ ಗೋಡೆಗಳು, ದಪ್ಪ ಮರದ ಬಾಗಿಲುಗಳು. ಮನೆಗಳು ಸಣ್ಣ ಕೋಟೆಗಳ ಹಾಗಿವೆ. ಆಟೊಮನ್ ತುರ್ಕರ ಆಳ್ವಿಕೆಯಲ್ಲಿ ದಾಳಿಯ ಭಯ ಇದ್ದದ್ದರಿಂದ ಅಡಗಿಕೊಳ್ಳಲು ಜಾಗ ಇಟ್ಟೇ ಕಟ್ಟುತ್ತಿದ್ದರು. ಅಂಥದ್ದೊಂದು ವೆಲ್ಯಾನೊವ್ ಮನೆ, ಈಗ ಮ್ಯೂಸಿಯಂ. ಚರ್ಚ್ ಅಲಂಕರಿಸಲು ಬಂದ ಕಲಾವಿದ ವೆಲ್ಯಾನ್ ಓಗ್ನೆವ್‌ಗೆ ಊರಿನವರು ಕೊಟ್ಟ ಮನೆಯಂತೆ ಅದು. ಹೆಂಡತಿಗಾಗಿ ಅವನು ಚಿತ್ರ ಬಿಡಿಸಿದ ನೀಲಿ ಕೋಣೆಯನ್ನು ನೋಡಲೇಬೇಕು.

ಆ ಚರ್ಚ್ ಹೋಲಿ ಟ್ರಿನಿಟಿ. 1835ರದ್ದು. ರಾಜಧಾನಿ ಸೋಫಿಯಾದ ಅಲೆಕ್ಸಾಂಡರ್ ನೆವ್ಸ್ಕಿ ಕ್ಯಾಥೆಡ್ರಲ್ ಏಳುವ ತನಕ ದೇಶದಲ್ಲೇ ದೊಡ್ಡ ಚರ್ಚ್ ಇದೇ ಆಗಿತ್ತು ಅಂತಾರೆ. ಪರರ ಆಳ್ವಿಕೆಯಲ್ಲಿದ್ದ ಒಂದು ಸಣ್ಣ ಊರು ಇಷ್ಟು ದೊಡ್ಡದನ್ನು ಕಟ್ಟಿಕೊಂಡಿತಲ್ಲ, ಆ ಧೈರ್ಯ ನನಗೆ ತುಂಬಾ ದೊಡ್ಡದಾಗಿ ಕಂಡಿತು.

ಅದೇ 1835ರಲ್ಲಿ ಇದೇ ಊರಿನ ಸನ್ಯಾಸಿ ನಿಯೋಫಿತ್ ರಿಲ್ಸ್ಕಿ ಬಲ್ಗೇರಿಯನ್ ಭಾಷೆಯ ವ್ಯಾಕರಣ ಪ್ರಕಟಿಸಿದರು. ಅದಕ್ಕೂ ಮೊದಲು, 1762ರಲ್ಲಿ, ಪಯಿಸಿ ಎಂಬ ಇನ್ನೊಬ್ಬ ಸನ್ಯಾಸಿ ತನ್ನ ಜನರ ಇತಿಹಾಸ ಬರೆದು, "ಬಲ್ಗೇರಿಯನ್ ಅನ್ನಿಸಿಕೊಳ್ಳಲು ಯಾಕೆ ನಾಚುತ್ತೀಯ?" ಎಂದು ಬೈದು ಕೇಳಿದ್ದರು. ಪಯಿಸಿ ನಮ್ಮೂರಿನವರೇ ಅಂತ ಬಾನ್ಸ್ಕೊದವರು ಹೇಳುತ್ತಾರೆ. ಬೇರೆ ಊರುಗಳೂ ಹಕ್ಕು ಸಾಧಿಸುತ್ತವೆ. ಪಯಿಸಿಯ ಆ ಪ್ರಶ್ನೆ ಕನ್ನಡತಿಯಾದ ನನಗೂ ನೇರ ತಾಗಿತು. ಇಷ್ಟೆಲ್ಲ ಇರುವ ಊರನ್ನು ಬರೀ ಸ್ಕೀ ಪಾಸ್ ಬೆಲೆಯಲ್ಲಿ ಅಳೆಯುವುದು ಅನ್ಯಾಯ ಅಲ್ವಾ?

ಬೆಟ್ಟದ ಕಥೆಯೂ ಅಷ್ಟೇ. ಪಿರಿನ್ ರಾಷ್ಟ್ರೀಯ ಉದ್ಯಾನ 1983ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಅದರ ತುದಿ ವಿಹ್ರೆನ್, 2914 ಮೀಟರ್. ಬೈಕುಶೆವ್ ಹೆಸರಿನ ಒಂದು ಪೈನ್ ಮರಕ್ಕೆ ಸುಮಾರು 1300 ವರ್ಷ ಅಂತಾರೆ. ಇಂಥ ಕಾಡಿನಲ್ಲಿ ಸ್ಕೀ ಜಾಗ ಇನ್ನೂ ಹಿಗ್ಗಿಸಲು 2017ರ ಕೊನೆಗೆ ಸರ್ಕಾರ ದಾರಿ ಮಾಡಿಕೊಟ್ಟಿತು. ಸಾವಿರಾರು ಜನ ಚಳಿಯಲ್ಲೇ ಬೀದಿಗಿಳಿದರು. ಮುಂದೆ ಕೋರ್ಟ್ ಅದನ್ನು ರದ್ದು ಮಾಡಿತು. ನಾನು ಬೀದಿಗಿಳಿದವರ ಪರ. ಸ್ಕೀಯಿಂದ ಊರಿಗೆ ದುಡ್ಡು ಬಂದಿದೆ, ಒಪ್ಪುತ್ತೇನೆ. ಆದರೆ ಈಗಿರುವ ಕಟ್ಟಡಗಳೇ ಜಾಸ್ತಿ. ಕಾಡು ಕಡಿದು ಇನ್ನಷ್ಟು ಬೇಡ.

ಹೋಗುವುದಾದರೆ ಬೇಸಿಗೆಯಲ್ಲಿ ಹೋಗಿ. ಸೋಫಿಯಾದಿಂದ ಬಸ್ಸು ಬೇಗ ತಲುಪುತ್ತದೆ. ಆದರೂ ಸಮಯವಿದ್ದರೆ ಸೆಪ್ಟೆಮ್ವ್ರಿ ಎಂಬ ಊರಿನಿಂದ ಹೊರಡುವ ನ್ಯಾರೋ ಗೇಜ್ ರೈಲು ಹಿಡಿಯಿರಿ. ಬಾಲ್ಕನ್ ಪ್ರದೇಶದ ಅತಿ ಎತ್ತರದ ರೈಲು ನಿಲ್ದಾಣ ಅವ್ರಾಮೊವೊ, 1267 ಮೀಟರ್, ಆ ದಾರಿಯಲ್ಲೇ ಸಿಗುತ್ತದೆ. ಐದು ತಾಸಿನ ಹತ್ತಿರ ಹಿಡಿಯುತ್ತದೆ, ಊಟ ಕಟ್ಟಿಕೊಂಡು ಹೋಗಿ.